ನನ್ನ ಪಾಲಿನ ಬೈಗುಳ

ಅಣ್ಣನಿಗೆ ಜಾಮೀನು ಸಿಕ್ಕಿತೆಂದು ವಕೀಲರು ಫೋನ್ ಮಾಡಿದ ದಿನ ಅಮ್ಮನ ಮಂಡಿನೋವು ವಾಸಿಯಾಯಿತು. ಅದುವರೆಗೆ ಅಡುಗೆಮನೆಯ ಹೊಸ್ತಿಲು ದಾಟುವುದೆಂದರೆ ಅವಳಿಗೆ ತಿರುಪತಿ ಬೆಟ್ಟ ಹತ್ತಿದ ಹಾಗೆ. ಸೋಫಾದ ಮೂಲೆಯಲ್ಲಿ ಕೂತು, ಒಗ್ಗರಣೆಯ ವಾಸನೆಯಲ್ಲೇ ನನ್ನ ಕೈಯ ತಪ್ಪು ಕಂಡುಹಿಡಿದು, ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಅಂಥವಳು ಫೋನ್ ಇಟ್ಟ ಕೂಡಲೇ ಗೋಡೆ ಹಿಡಿದು ಎದ್ದು, ನನ್ನ ಕೋಣೆಗೆ ಹೋಗಿ, ನನ್ನ ಮಂಚದ ಮೇಲಿನ ಹೊದಿಕೆ ತೆಗೆದು ಮಡಚತೊಡಗಿದಳು. ಯಾಕೆಂದು ಕೇಳಿದೆ.

"ಅವನಿಗೆ ಗಾಳಿ ಬೆಳಕು ಬೇಕಲ್ವಾ ಮಾರಾಯ್ತಿ? ಜೈಲಿನಲ್ಲಿ ಇದ್ದು ಬರುವವ."

ಅದು ಗಾಳಿ ಬೆಳಕಿನ ಕೋಣೆ ಎಂದು ಅಮ್ಮ ಅದಕ್ಕಿಂತ ಮೊದಲು ಒಂದು ಸಲವೂ ಹೇಳಿರಲಿಲ್ಲ. ಆವತ್ತಿನಿಂದ ನನ್ನ ಹಾಸಿಗೆ ಅಮ್ಮನ ಕೋಣೆಯ ನೆಲಕ್ಕೆ ಬಂತು.

ಹೊಟ್ಟೆಕಿಚ್ಚು ಅಂದೇ ಹುಟ್ಟಿತು ಎಂದರೆ ಸುಳ್ಳಾದೀತು. ಅದು ಹಳೆಯ ಕೆಂಡ, ಬೂದಿ ಹೊದ್ದುಕೊಂಡು ಬೆಚ್ಚಗೆ ಕೂತಿತ್ತು. ವಕೀಲರ ಫೋನು ಬಂದು ಊದಿತು, ಅಷ್ಟೆ.

ಅಣ್ಣ ಯಾರೆಂದು ಹೇಳಿಬಿಡುತ್ತೇನೆ. ಎರಡು ರಾಜ್ಯಗಳ ಗಡಿಯ ಕಾಡಿನಲ್ಲಿ ಬಹುಕಾಲ ಬಂದೂಕು ಹಿಡಿದು ಓಡಾಡಿದ ಒಂದು ಸಂಘಟನೆಯನ್ನು ಕಟ್ಟಿದವನು ಅವನು. ಪತ್ರಿಕೆಗಳಲ್ಲಿ ಅವನ ಹೆಸರಿನ ಹಿಂದೆ 'ಸ್ಥಾಪಕ ಮತ್ತು ಸಿದ್ಧಾಂತಿ' ಎಂದು ಇರುತ್ತಿತ್ತು. ಬಂದೂಕು ಹಿಡಿದವರು ಬೇರೆ. ಯಾಕೆ ಹಿಡಿಯಬೇಕೆಂದು ಬರೆದುಕೊಟ್ಟವನು ನನ್ನಣ್ಣ. ಅವನ ಬರಹ ಓದಿ ಮನೆ ಬಿಟ್ಟವರಿದ್ದಾರೆ, ಸತ್ತವರಿದ್ದಾರೆ, ಕೊಂದವರೂ ಇದ್ದಾರೆ. ಕೊನೆಗೆ ಸಿಕ್ಕಿಬಿದ್ದು ದೂರದ ಜೈಲಿನಲ್ಲಿ ಮುದುಕನಾದ. ಕಿಡ್ನಿ ಕೆಟ್ಟಿತು. ವೆಸ್ಟ್ ಮಾಂಬಲಂನ ಈ ಮನೆಯಲ್ಲೇ ಇರಬೇಕು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು ಎಂಬ ಷರತ್ತಿನ ಮೇಲೆ ಬಿಟ್ಟರು.

ನಮ್ಮಪ್ಪ ಉಡುಪಿ ಕಡೆಯಿಂದ ಈ ತಮಿಳರ ಊರಿಗೆ ಬಂದವರು. ಮಾಂಬಲಂ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಹೋಟೆಲಿನಲ್ಲಿ ಕಾವಲಿಯ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವುದಿಲ್ಲ, ಮುರಿದು ಪಕ್ಕಕ್ಕೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದು ಅಣ್ಣನ ಬಟ್ಟಲಿಗೆ ಹೋಗುತ್ತಿತ್ತು. ಕಾಲೇಜಿಗೆ ಟ್ರೇನು ಹಿಡಿಯಬೇಕು, ಅವನಿಗೆ ತಡವಾಗುತ್ತದೆ, ಹಸಿವೆ ತಡೆಯುವುದಿಲ್ಲ. ಮೊದಲ ದೋಸೆ ಎಂದೂ ನೆಟ್ಟಗೆ ಏಳುವುದಿಲ್ಲ, ಹರಿದು ಮುದ್ದೆಯಾಗುತ್ತದೆ ಎಂಬುದು ನನಗೂ ಗೊತ್ತಿತ್ತು. ನನ್ನ ಬಟ್ಟಲಿಗೆ ಬರುತ್ತಿದ್ದದ್ದು ದುಂಡಗಿನ, ಗರಿಗರಿಯಾದ ಎರಡನೆಯದು. ಆದರೂ ಆ ಹರಕು ದೋಸೆ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಅವನು ಮಾತಾಡಿದರೆ ಜನ ಕಿವಿಗೊಡುತ್ತಿದ್ದರು, ಅದು ನಿಜ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಹೋಟೆಲಿನ ಸಪ್ಲೈಯರುಗಳು ಮಹಡಿಯ ಮೇಲೆ ಚಾಪೆ ಹಾಸಿಕೊಂಡು ಅಡ್ಡಾಗುವ ಹೊತ್ತಿನಲ್ಲಿ ಅಣ್ಣ ಅವರ ನಡುವೆ ಹೋಗಿ ಕೂರುತ್ತಿದ್ದ. ವಾರಕ್ಕೊಂದು ರಜೆ ನಿಮ್ಮ ಹಕ್ಕು ಎನ್ನುತ್ತಿದ್ದ. ಮನುಷ್ಯರೆಲ್ಲ ಸಮಾನರು ಎನ್ನುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ನನ್ನನ್ನು ಕಂಡ ಕೂಡಲೇ, "ನೀನು ಕೆಳಗೆ ಹೋಗಿ ಇವರಿಗೆಲ್ಲ ಕಾಫಿ ಹೇಳಿ ಬಾ" ಎನ್ನುತ್ತಿದ್ದ. ಅವರೆಲ್ಲರಿಗೆ ಸಮಾನತೆ, ನನಗೆ ಕಾಫಿ ತರುವ ಕೆಲಸ. ಆ ಚಾಪೆಯ ಮೇಲೆ ಕೂತವರ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ನನಗೆ ಅವನು ಎಂದೂ ಏನನ್ನೂ ಕೂರಿಸಿ ವಿವರಿಸಿದವನಲ್ಲ.

ಒಂದು ದೀಪಾವಳಿಯ ಹಿಂದಿನ ದಿನ, ಪುರಸೈವಾಕ್ಕಂ ಪೇಟೆಗೆ ಹೋಗಿ ಹೊಸ ಅಂಗಿ ತರುತ್ತೇನೆಂದು ಹೇಳಿ ಹೊರಟವನು ಮತ್ತೆ ಬರಲಿಲ್ಲ. ಅಮ್ಮ ಮರುದಿನವೂ ಎಣ್ಣೆ ಬಿಸಿ ಮಾಡಿಟ್ಟು ಕಾದಳು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಪುರಸೈವಾಕ್ಕಂನಲ್ಲಿ ಬಟ್ಟೆ ಕೊಳ್ಳಲಿಲ್ಲ.

ಅವನ ಬದಲು ಒಬ್ಬರು ಮಫ್ತಿ ಪೊಲೀಸಿನವರು ಬರತೊಡಗಿದರು. ಚೆಕ್ಸ್ ಶರಟು, ಕೈಯಲ್ಲಿ ಹೆಲ್ಮೆಟ್ಟು. ತಂಬಿಯ, ಅಂದರೆ ಅಣ್ಣನ, ಫೋನೇನಾದರೂ ಬಂತಾ, ಯಾರಾದರೂ ಹೊಸಬರು ಬಂದರಾ ಎಂದು ತಮಿಳಿನಲ್ಲಿ ಮೆತ್ತಗೆ ವಿಚಾರಿಸುತ್ತಿದ್ದರು. ಬೇರೆ ಮನೆಯಾಗಿದ್ದರೆ ಬಾಗಿಲು ಅರ್ಧ ತೆರೆದು ಮಾತಾಡುತ್ತಿದ್ದರು. ಅಮ್ಮ ಅವರನ್ನು ಒಳಗೆ ಕೂರಿಸಿ, ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ಹಬ್ಬದ ಲೋಟದಲ್ಲಿ ಕೊಡುತ್ತಿದ್ದಳು. ಅವರು ಬರುವುದು ತಡವಾದರೆ ಗೇಟಿನ ತನಕ ಹೋಗಿ ನೋಡುತ್ತಿದ್ದಳು. ಇದೇನಮ್ಮ, ಪೊಲೀಸಿನವರಿಗೂ ಕಾಯುತ್ತಾರಾ ಎಂದು ನಾನು ಸಿಡುಕಿದರೆ, "ಅವರು ಕೇಳಿಕೊಂಡು ಬರ್ತಾರೆ ಅಂದ್ರೆ ಅವನು ಬದುಕಿದ್ದಾನೆ ಅಂತ ಅಲ್ವಾ? ಬರದಿದ್ರೆ ಹೆದರಿಕೆ" ಎನ್ನುತ್ತಿದ್ದಳು.

ಆ ಪೊಲೀಸಿನವರು ಅಣ್ಣನ ಬಗ್ಗೆ ಕೇಳದ ಪ್ರಶ್ನೆಯಿಲ್ಲ. ಚಿಕ್ಕವನಿದ್ದಾಗ ಯಾವ ಕೈಯಲ್ಲಿ ಬರೆಯುತ್ತಿದ್ದ, ಖಾರ ತಿನ್ನುತ್ತಿದ್ದನಾ, ಈಜು ಬರುತ್ತದಾ. ನಾನು ಎದುರಿಗೇ ನಿಂತಿರುತ್ತಿದ್ದೆ. ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ, ಪ್ರಮೋಷನ್ ಆಯಿತು, ಕನ್ನಡಕ ಬಂತು. ನನ್ನ ಬಗ್ಗೆ ಕೇಳಲು ಸರ್ಕಾರಕ್ಕೂ ಏನೂ ಇರಲಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಮಾತ್ರ ಕೇಳುತ್ತಿದ್ದರು, ಅದೂ ಅಣ್ಣನ ಬಗ್ಗೆ. ಉಪ್ಪಿಟ್ಟು ತಿಂದು, ಕೈತೊಳೆದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು ತಿಳಿಸಲಿಲ್ಲ. ಅಮ್ಮ ನಿಟ್ಟುಸಿರು ಬಿಟ್ಟು, "ಋಣ ಇಲ್ಲ" ಎಂದಳು. ಋಣವನ್ನು ತಪ್ಪಿಸಿದವನು ಯಾರೆಂದು ಅವಳಿಗೂ ಗೊತ್ತಿತ್ತು.

ಅಪ್ಪ ತೀರಿಕೊಂಡಾಗಲೂ ಹಾಗೆಯೇ. ಅಣ್ಣ ಬರಬಹುದೆಂದು ಮಫ್ತಿಯವರು ಬೀದಿಯ ಎರಡೂ ತುದಿಯಲ್ಲಿ ನಿಂತಿದ್ದರು. ಅವರ ಕಣ್ಣು ಗೇಟಿನ ಮೇಲೆ, ಅಮ್ಮನ ಕಣ್ಣೂ ಗೇಟಿನ ಮೇಲೆ. ಆ ದಿನ ಅಪ್ಪನ ಮುಖ ನೋಡುತ್ತಾ ಕೂತಿದ್ದವಳು ನಾನೊಬ್ಬಳೇ.

ಇಷ್ಟೆಲ್ಲ ಆದರೂ ಅಮ್ಮ ಅವನನ್ನು ಒಂದು ದಿನ ಬೈಯಲಿಲ್ಲ. ಬೈಯಲು ಬಾರದವಳೇನಲ್ಲ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವಲ್ಲಿಂದ ಶುರುವಾದರೆ ದೀಪ ಆರಿಸುವ ತನಕ ನನಗೆ ಬೈಗುಳದ ಅಭಿಷೇಕ. ಬದನೆಕಾಯಿ ಕಹಿ ತಂದೆ, ಫ್ಯಾನು ಆರಿಸಲಿಲ್ಲ, ಬಾಗಿಲು ದಡಾರೆಂದು ಹಾಕಿದೆ, ತಮಿಳರ ಹಾಗೆ ಸಾರಿಗೆ ಬೇಳೆ ಸುರಿದೆ. ಕಾಡಿನಲ್ಲಿ ಸೈನ್ಯ ಕಟ್ಟಿದವನಿಗೆ ಒಂದು ಮಾತಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಮ್ಮೆ ಮಾತ್ರ ಬೈದೇ ಬೈಯುತ್ತಾಳೆ ಅಂದುಕೊಂಡೆ. ಕಾಡಂಚಿನ ಒಂದು ಹಳ್ಳಿಯಲ್ಲಿ, ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಗುಮಾನಿಯಿಂದ ಒಬ್ಬ ಶಾಲೆಯ ಮೇಷ್ಟ್ರನ್ನು ಅಣ್ಣನ ಸಂಘಟನೆಯವರು ಮನೆಯಿಂದ ಕರೆದುಕೊಂಡು ಹೋಗಿ ಕೊಂದರು. ಪತ್ರಿಕೆಯಲ್ಲಿ ಮೇಷ್ಟ್ರ ಫೋಟೋ ಇತ್ತು, ಕೊರಳಲ್ಲಿ ಯಾವುದೋ ಸಮಾರಂಭದ ಹಾರ. ಅಮ್ಮ ಓದಿದಳು. ಪತ್ರಿಕೆಯನ್ನು ಸಣ್ಣಗೆ ಮಡಚಿ ದಿಂಬಿನ ಕೆಳಗಿಟ್ಟಳು. "ಆ ಮೇಷ್ಟ್ರಿಗೂ ಒಬ್ಬಳು ಅಮ್ಮ ಇರ್ತಾಳಲ್ಲ" ಎಂದಳು. ಮಧ್ಯಾಹ್ನ ಉಣ್ಣಲಿಲ್ಲ. ಈಗ ಬರುತ್ತದೆ, ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಬರುತ್ತದೆ ಎಂದು ಕಾದೆ. ಸಂಜೆ ಬಂತು. ಹಾಲನ್ನು ಫ್ರಿಜ್ಜಿನಲ್ಲಿಡದೆ ಹೊರಗೇ ಬಿಟ್ಟೆನೆಂದು ಬಂತು, ನನ್ನ ಮೇಲೆ.

ಅಂಥ ಅಣ್ಣ ಆಟೋದಿಂದ ಇಳಿದಾಗ ಅಳತೆಗಿಂತ ದೊಡ್ಡದಾದ, ಯಾರೋ ಕೊಟ್ಟ ಅಂಗಿ ತೊಟ್ಟಿದ್ದ. ಅಂಗಿ ತರಲು ಹೋದವನು ಕೊನೆಗೂ ತಂದ ಅಂಗಿ ಇದೇ ಎನ್ನಿಸಿ ನನಗೆ ನಗು ಬಂತು. ಅಮ್ಮ ಅವನ ಎರಡೂ ಕೆನ್ನೆ ಹಿಡಿದುಕೊಂಡು ನಿಂತಳು. ನಾನು ಆಟೋದವನಿಗೆ ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು ಒಳಗೆ ಹೋದೆ.

ಅವನು ಕಾಟ ಕೊಡುವವನಾಗಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಕೊಡಲಿಲ್ಲ. ತನ್ನ ತಟ್ಟೆ ತಾನೇ ತೊಳೆದ, ಹೊದಿಕೆಯನ್ನು ಇಟ್ಟಿಗೆಯ ಹಾಗೆ ಚೌಕವಾಗಿ ಮಡಚಿಟ್ಟ. ಕನ್ನಡ ಅಲ್ಲಲ್ಲಿ ಮರೆತುಹೋಗಿ, ನಡುವೆ ಹಿಂದಿ ನುಗ್ಗುತ್ತಿತ್ತು. ಅಮ್ಮನಿಗೆ ಅದೂ ಒಂದು ಚೆಂದ. "ಮಗಾ, ಬಿಸಿ ನೀರು ಕಾದಿದೆ." "ಮಗಾ, ಮೊಸರು ಹುಳಿ ಉಂಟಾ?" ಅವನು ಮಗಾ, ನಾನು ಮಾರಾಯ್ತಿ. ತಟ್ಟೆ ತೊಳೆದನೆಂದು ಅವಳು ಪಕ್ಕದ ಫ್ಲ್ಯಾಟಿನ ಮಾಮಿಗೆ ಹೇಳಿಕೊಂಡು ಬಂದಳು. ನಮ್ಮ ಮನೆಯ ತಟ್ಟೆಗಳನ್ನು ಇಷ್ಟು ಕಾಲ ತೊಳೆದವಳು ಯಾರೆಂದು ಮಾಮಿ ಕೇಳಲಿಲ್ಲ.

ಆಮೇಲೆ ಜನ ಬರತೊಡಗಿದರು. ಪತ್ರಿಕೆಯವರು, ಸಂಶೋಧನೆ ಮಾಡುವವರು, ಜೋಳಿಗೆ ಹಾಕಿದ ಹುಡುಗಿಯರು. ಅವನ ಕಾಲ ಬಳಿ ನೆಲದ ಮೇಲೆ ಕೂತು, ಅವನು ಕೆಮ್ಮಿದರೂ ಬರೆದುಕೊಳ್ಳುತ್ತಿದ್ದರು. ನನ್ನನ್ನು ಅಕ್ಕ ಎಂದು ಕರೆದು, ಸಕ್ಕರೆ ಬೇಡ ಎನ್ನುತ್ತಿದ್ದರು. ನಾನು ಮತ್ತೆ ಕಾಫಿ ತರುವ ಕೆಲಸಕ್ಕೆ ಸೇರಿಕೊಂಡಿದ್ದೆ. ಒಬ್ಬಾತ ನನ್ನನ್ನೂ ಕೇಳಿದ, ಬಾಲ್ಯದಲ್ಲಿ ಅವರು ಹೇಗಿದ್ದರು ಎಂದು. "ಮೊದಲ ದೋಸೆ ತಿನ್ನುತ್ತಿದ್ದರು" ಎಂದೆ. ಆತ ಅದನ್ನೂ ಬರೆದುಕೊಂಡ.

ಕಳೆದ ಆಟಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಆದದ್ದನ್ನು ಹೇಳಬೇಕೆಂದೇ ಇಷ್ಟು ಹೇಳಿದೆ. ನಮ್ಮ ಕಡೆ ಆಟಿಯಲ್ಲಿ ಪತ್ರೊಡೆ ತಿನ್ನಬೇಕು. ನೆನೆದ ಅಕ್ಕಿಗೆ ಮೆಣಸು, ಕೊತ್ತಂಬರಿ, ತೆಂಗಿನತುರಿ, ಬೆಲ್ಲ, ಹುಣಸೆಹುಳಿ ಸೇರಿಸಿ ರುಬ್ಬಿ, ಕೆಸುವಿನ ಎಲೆಗೆ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವುದು. ವಾಷಿಂಗ್ ಮೆಷಿನ್ನಿನ ನೀರು ಹರಿಯುವ ಹಿತ್ತಿಲ ಮೂಲೆಯಲ್ಲಿ ಅಮ್ಮ ನೆಟ್ಟ ಕೆಸು ಸೊಂಪಾಗಿ ಬೆಳೆದಿತ್ತು. ವರ್ಷವರ್ಷವೂ ನಾನು ಬಾಯಿಬಿಟ್ಟು ಕೇಳುತ್ತಿದ್ದೆ. "ಯಾರು ಮಾರಾಯ್ತಿ ಅದನ್ನೆಲ್ಲ ಕಡೆಯುದು? ನನ್ನ ಮಂಡಿ ನೋಡಿದ್ದೀಯಾ?" ಎನ್ನುತ್ತಿದ್ದಳು. ನಾನೇ ಮಾಡಿದರೆ ಎಲೆ ದಪ್ಪ, ಹಿಟ್ಟು ತೆಳು, ಸುತ್ತಿದ್ದು ಸಡಿಲ ಎಂದು ಎತ್ತಿಡುತ್ತಿದ್ದಳು. ಅಣ್ಣ ಕೇಳಲೂ ಇಲ್ಲ. ಉಣ್ಣುತ್ತಿದ್ದವನು ಒಂದು ಸಲ, "ಜೈಲಿನಲ್ಲಿ ಒಂದು ದಿನ ಸುಮ್ಮನೆ ಪತ್ರೊಡೆ ನೆನಪಾಗಿತ್ತು" ಎಂದ. ಮರುದಿನ ಬೆಳಿಗ್ಗೆ ಅಕ್ಕಿ ನೆನೆದಿತ್ತು, ಅಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

ಎಲೆ ಕೊಯ್ಯಲು ಹೋದವಳು ನಾನೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಕೆಸುವಿಗೆ ಕೊನೆಗೂ ಆ ವರ್ಷ ಮರ್ಯಾದೆ ಬಂತು. ಎಲೆಗಳನ್ನು ಒಳಗೆ ತಂದಿಟ್ಟಾಗ ಅಮ್ಮ, "ನೆನಪುಂಟಲ್ಲಾ? ಆ ಶಬ್ದ ಯಾರ ಬಾಯಲ್ಲೂ ಬರಬಾರದು" ಎಂದಳು. ಅದು ನಮ್ಮ ಮನೆಯ ಕಟ್ಟಳೆ. ಕೆಸುವಿನಲ್ಲಿ ಗಂಟಲು ಕೆರೆಯುವ ಗುಣವಿದೆ, ಹುಳಿ ಬಿದ್ದರೆ ಅದು ಸಾಯುತ್ತದೆ. ಆದರೆ ಕೆಸು ಒಲೆಯ ಮೇಲಿರುವಾಗ ಯಾರಾದರೂ 'ತುರಿಕೆ' ಎಂದರೆ ಎಷ್ಟು ಹುಳಿ ಹಾಕಿದರೂ ತುರಿಸಿಯೇ ತುರಿಸುತ್ತದೆಂದು ಅಮ್ಮನ ನಂಬಿಕೆ. ಅಜ್ಜಿಯದೂ ಅದೇ ಆಗಿತ್ತು.

ಅಷ್ಟರಲ್ಲಿ ಒಬ್ಬ ಹುಡುಗಿ ಅಣ್ಣನನ್ನು ಮಾತಾಡಿಸಲು ಬಂದಳು. ಉಳಿದವರ ಹಾಗೆ ನೆಲದ ಮೇಲೆ ಕೂರಲಿಲ್ಲ, ಕುರ್ಚಿ ಎಳೆದುಕೊಂಡಳು. ಕಾಫಿಯನ್ನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಅದು ಇದು ಕೇಳಿ, ಆ ಶಾಲೆಯ ಮೇಷ್ಟ್ರ ವಿಷಯಕ್ಕೆ ಬಂದಳು. ಅವರು ಸುದ್ದಿ ಕೊಟ್ಟವರಲ್ಲ ಎಂದು ಆಮೇಲೆ ನಿಮಗೇ ಗೊತ್ತಾಯಿತಲ್ಲ, ಅದರ ಬಗ್ಗೆ ಏನು ಹೇಳುತ್ತೀರಿ ಎಂದಳು.

ಅಣ್ಣ ಕನ್ನಡಕ ತೆಗೆದು ಒರೆಸಿದ. "ಆ ಹಂತದಲ್ಲಿ ಕೆಲವು ತಪ್ಪುಗಳು ಆದವು. ಸಂಘಟನೆಯ ಒಳಗೆ ಅದರ ವಿಮರ್ಶೆಯೂ ನಡೆದಿದೆ" ಎಂದ.

ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮಾತಿನಲ್ಲಿ ಸತ್ತ ಮೇಷ್ಟ್ರೂ ಇರಲಿಲ್ಲ, ಕೊಂದವರೂ ಇರಲಿಲ್ಲ, ಅವನಂತೂ ಇರಲೇ ಇಲ್ಲ. ಬದನೆಕಾಯಿ ಕಹಿಯಾದರೆ ತಂದವಳು ನಾನೆಂದು ಈ ಮನೆಯಲ್ಲಿ ಹೆಸರು ಹಿಡಿದು ಹೇಳುತ್ತಾರೆ. ಇವನಿಗೆ ಮಾತ್ರ ತಪ್ಪುಗಳು ತಾವಾಗಿಯೇ ಆಗುತ್ತವೆ. ಅಡುಗೆಮನೆಯಲ್ಲಿ ಗ್ರೈಂಡರ್ ನಿಂತಿತು. ಕರೆಂಟು ಹೋಯಿತೇನೋ ಎಂದು ಮೇಲೆ ನೋಡಿದೆ, ಫ್ಯಾನು ತಿರುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗ್ರೈಂಡರ್ ಮತ್ತೆ ಶುರುವಾಯಿತು.

ಹುಡುಗಿ ಹೋದ ಮೇಲೆ ಊಟಕ್ಕೆ ಕೂತೆವು. ಪತ್ರೊಡೆಯನ್ನು ಅಮ್ಮ ದುಂಡಗೆ ಕತ್ತರಿಸಿ, ಮೇಲೆ ತೆಂಗಿನೆಣ್ಣೆ ಬಿಟ್ಟು, ಮೊದಲು ಅಣ್ಣನಿಗೆ ಹಾಕಿದಳು. ಆಮೇಲೆ ನನಗೆ. ತಾನು ಎಂದಿನಂತೆ ಕೊನೆಗೆ ಎಂದು ಸುಮ್ಮನೆ ಕೂತಳು. ನಾನು ಒಂದು ತುಂಡು ಬಾಯಿಗಿಟ್ಟೆ. ನುಂಗಿದ ಮೇಲೆ ಗಂಟಲಲ್ಲಿ ಏನೋ ಹರಿದಾಡಿತು. ಇನ್ನೊಂದು ತುತ್ತಿಗೆ ನಾಲಿಗೆಯ ಬುಡದಿಂದ ಕಿವಿಯ ತನಕ ಸಾವಿರ ಸೂಜಿ ಚುಚ್ಚಿದಂತಾಯಿತು. ಎಣ್ಣೆ ತರುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದೆ. ಕಿಟಕಿಯ ಪಕ್ಕದ ಸ್ಟೀಲು ಬಟ್ಟಲಲ್ಲಿ ಹುಣಸೆಹಣ್ಣು ನೆನೆದು ಉಬ್ಬಿ ಹಾಗೆಯೇ ಕೂತಿತ್ತು. ಅಮ್ಮ ಹಿಂಡಿ ಹಾಕಲು ಮರೆತಿದ್ದಳು. ಹುಳಿಗೆ ಕೈ ಹಾಕುವ ಹೊತ್ತಿಗೇ ಆ ಮೇಷ್ಟ್ರ ಮಾತು ಅವಳ ಕಿವಿಗೆ ಬಿದ್ದಿತ್ತು.

ವಾಪಸು ಬಂದಾಗ ಅಣ್ಣ ಎರಡನೆಯ ತುಂಡು ತಿನ್ನುತ್ತಿದ್ದ. ಕಣ್ಣಂಚಿನಲ್ಲಿ ನೀರು, ಕತ್ತಿನ ನರ ಎದ್ದಿತ್ತು.

"ಹೇಗುಂಟು ಮಗಾ?"

"ತುಂಬಾ ಒಳ್ಳೆದುಂಟು ಅಮ್ಮ. ಆವಾಗ ಮಾಡ್ತಿದ್ದ ಹಾಗೇ ಉಂಟು." ದನಿ ಒಡೆದು ಬಂತು. ಅಮ್ಮ ಅದನ್ನು ಸಂತೋಷದ ದನಿ ಎಂದುಕೊಂಡಳು. ಅವಳ ಮುಖ ಅರಳಿತು.

ನನಗೆ ಎಂಥ ಉರಿ ಹತ್ತಿತೆಂದರೆ, ಗಂಟಲಿನ ಉರಿ ಅದರ ಮುಂದೆ ಏನೂ ಅಲ್ಲ. ಅಮ್ಮನಿಗೆ ನೋವಾಗಬಾರದೆಂದು ಸುಳ್ಳು ಹೇಳುವುದರಲ್ಲೂ ಇವನು ನನಗಿಂತ ಮುಂದೆ ಹೋಗಬೇಕಾ? ಇಷ್ಟು ವರ್ಷ ಅವಳ ನೋವು ನೋಡಿಕೊಂಡವಳು ನಾನು. ನಾನೂ ಎರಡನೆಯ ತುಂಡು ಹಾಕಿಸಿಕೊಂಡೆ. "ಹೌದಮ್ಮ, ಭಾರೀ ಲಾಯ್ಕುಂಟು" ಎಂದೆ. ಅಣ್ಣ ನನ್ನತ್ತ ನೋಡಿದ. ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದ. ನಾನೂ ಮಾಡಿದೆ. ಇಬ್ಬರು ತಲೆ ನರೆತವರು, ಕಣ್ಣಲ್ಲಿ ನೀರು ಸುರಿಸುತ್ತಾ, ಪಂದ್ಯ ಕಟ್ಟಿದವರ ಹಾಗೆ ತಿಂದೆವು.

ಆಮೇಲೆ ಅಮ್ಮ ತನಗೊಂದು ತುಂಡು ಹಾಕಿಕೊಂಡು ಬಾಯಿಗಿಟ್ಟಳು. ಜಗಿಯುವುದು ನಿಂತಿತು. ತಟ್ಟೆಯ ಅಂಚಿಗೆ ಉಗುಳಿ ನಮ್ಮಿಬ್ಬರ ಮುಖ ನೋಡಿದಳು.

"ಹುಳಿ ಹಾಕಲೇ ಇಲ್ಲ ನಾನು" ಎಂದಳು. ನನ್ನ ಕಡೆ ತಿರುಗಿದಳು. "ನಿಂಗೆ ಎಂತ ಬಂತು ಮಾರಾಯ್ತಿ? ಬಾಯಿ ಇರ್ಲಿಲ್ವಾ ನಿಂಗೆ? ಲಾಯ್ಕುಂಟು ಅಂತೆ, ಲಾಯ್ಕು! ಗಂಟಲು ಬಾತು ಸತ್ತು ಹೋದ್ರೆ ನನ್ನನ್ನು ನೋಡುವವರು ಯಾರು? ಅವನೇನೋ ಬಂದವನು, ಬಂದವರು ಒಳ್ಳೆದುಂಟು ಅಂತಲೇ ಹೇಳುದು. ನೀನು ಮನೆಯವಳಲ್ವಾ? ನೀನು ಹೇಳದಿದ್ರೆ ನಂಗೆ ಯಾರು ಹೇಳುದು?"

ನಾನು ತಲೆ ತಗ್ಗಿಸಿ ಕೂತೆ. ಕತ್ತೆತ್ತಿ ನೋಡಿದಾಗ ಅಣ್ಣ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ನನ್ನನ್ನೇ ನೋಡುತ್ತಿದ್ದ. ಅದು ಯಾವ ನೋಟವೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಬಟ್ಟಲಿನ ಹರಕು ದೋಸೆಯನ್ನು ನಾನು ಹಾಗೆಯೇ ನೋಡುತ್ತಿದ್ದೆ.

"ನಂಗೂ ಬೈಯಮ್ಮ" ಎಂದ.

ಸಣ್ಣಗೆ ಬಂದ ಮಾತು. ಅಮ್ಮನಿಗೆ ಕೇಳಿಸಿತು. ಪುರಸೈವಾಕ್ಕಂಗೆಂದು ಹೋದ ದಿನದಿಂದ ಹಿಡಿದು ಆವತ್ತು ಬೆಳಗಿನ ತನಕದ ಎಲ್ಲದಕ್ಕೂ ಸೇರಿಸಿ ಅವನು ಕೇಳುತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಅಮ್ಮ ಅವನನ್ನು ನೋಡಿದಳು. ಬಾಯಿ ತೆರೆದಳು, ಈಗ ಬಂತು ಅಂದುಕೊಂಡೆ. ಬರಲಿಲ್ಲ. ಅವನ ಮುಂದಿನ ತಟ್ಟೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

"ನಿಂಗೆ ಎಂತ ಬೈಯುದು ಮಗಾ" ಎಂದಳು, "ಮಜ್ಜಿಗೆ ಕುಡಿ."

ಅವನು ಕೈ ತೊಳೆಯಲೂ ಏಳದೆ ಹಾಗೆಯೇ ಕೂತಿದ್ದ. ಅಮ್ಮ ನನ್ನ ಕಡೆ ತಿರುಗಿ ಮತ್ತೆ ಶುರುಮಾಡಿದಳು. ಇನ್ನೂ ಕೂತಿದ್ದೀಯಲ್ಲ, ಮೊಸರು ಎಲ್ಲಿ ಉಂಟೂಂತ ಗೊತ್ತಿಲ್ವಾ, ಕಡೆಗೋಲು ತೊಳೆದಿಡು ಅಂತ ನಿನ್ನೆಯೇ ಹೇಳಿದ್ದೆ. ನಾನು ಎದ್ದು ಅಡುಗೆಮನೆಗೆ ಹೋದೆ. ಬೈಗುಳ ಹಿಂದಿನಿಂದ ಬರುತ್ತಲೇ ಇತ್ತು, ಬಾಗಿಲು ತೆರೆದೇ ಇತ್ತು, ಅವನಿಗೂ ಕೇಳಿಸುತ್ತಿತ್ತು. ಗಂಟಲು ಕೆರೆಯುತ್ತಿದ್ದರೂ ನಾನು ಮಜ್ಜಿಗೆಯನ್ನು ಬೇಕೆಂದೇ ನಿಧಾನವಾಗಿ ಕಡೆದೆ.